ಜಲಜತ್ತಿಗೆಯ ಸ್ವಸಂತೋಷ

ನಮ್ಮ ಜಲಜತ್ತಿಗೆ ತವರಿಗೆ ಬಂದರೆ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೇ ಮಲಗುತ್ತಿದ್ದರು. ಮೆಣಸೆ ಕಡೆಯ ಒಬ್ಬ ಮುದುಕಿಗೆ ಜ್ವರದಲ್ಲಿ ಎಚ್ಚರ ತಪ್ಪಿದ್ದಾಗ ಸ್ವಂತ ತಮ್ಮನೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡನೆಂದು ಯಾರೋ ಬಸ್ಸಿನಲ್ಲಿ ಹೇಳಿದ್ದರಂತೆ. ಅತ್ತಿಗೆಗೆ ಸಹಿ ಹಾಕಲು ಚೆನ್ನಾಗಿಯೇ ಬರುತ್ತಿತ್ತು. ಆದರೂ, "ಸಹಿಗೆ ನಾನು ಎದ್ದಿರ್ಬೇಕು. ಹೆಬ್ಬೆಟ್ಟಿಗೆ ನಾನು ಬೇಕಂತಿಲ್ಲ, ಕೈ ಒಂದಿದ್ರೆ ಸಾಕು" ಎನ್ನುತ್ತಿದ್ದರು. ಬೆಳಿಗ್ಗೆ ಎದ್ದವರು ಮೊದಲು ಬೆರಳಿಗೆ ಮಸಿ ಹತ್ತಿದೆಯೇ ಎಂದು ನೋಡಿಕೊಳ್ಳುವರು, ಆಮೇಲೆ ದೇವರಿಗೆ ಕೈಮುಗಿಯುವರು. ಪಕ್ಕದಲ್ಲಿ ಮಲಗುತ್ತಿದ್ದವಳು ನಾನು, ಹಾಗಾಗಿ ಇದು ಯಾರೋ ಹೇಳಿದ ಮಾತಲ್ಲ.

ಜಲಜತ್ತಿಗೆ ನನ್ನ ಗಂಡನ ಅಕ್ಕ. ಭಂಡಿಗಡಿಯ ನಮ್ಮ ಮನೆಯಲ್ಲಿ ಮಕ್ಕಳು ಮೂವರು. ಇವರು ದೊಡ್ಡವರು, ಇವರ ಕೆಳಗೆ ನಮ್ಮ ಭಾವ, ಕೊನೆಯವರು ನಮ್ಮನೆಯವರು. ಅತ್ತಿಗೆ ಕುಳ್ಳು, ಕಪ್ಪು, ಬಾಯಿ ದೊಡ್ಡದು. ಎಲೆಯಡಿಕೆ ಹಾಕಿಕೊಂಡು ಮಾತಿಗೆ ನಿಂತರೆ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಅವರನ್ನು ನರಸಿಂಹರಾಜಪುರದ ಹತ್ತಿರ ಕಡಹಿನಬೈಲಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಸಾಯುವ ಮುಂಚೆ ತನ್ನ ಪಾಲಿನ ಗದ್ದೆ, ಮನೆ ಎಲ್ಲವನ್ನೂ ಅಣ್ಣನ ಮಗನಿಗೆ ವೀಲುನಾಮೆ ಬರೆದಿಟ್ಟು ಹೋದ. ಹೆಂಡತಿಯ ವಿಷಯಕ್ಕೆ ಅದರಲ್ಲಿ ಒಂದೇ ಸಾಲು: ನನ್ನ ಧರ್ಮಪತ್ನಿಯನ್ನು ಜೀವನಪರ್ಯಂತ ನೋಡಿಕೊಳ್ಳತಕ್ಕದ್ದು.

"ಬರ್ದ ಪ್ರಕಾರವೇ ನಡ್ಕೊಳ್ತಾರೆ ಮಾರಾಯ್ತಿ, ಸುಳ್ಳು ಹೇಳ್ಬಾರ್ದು" ಎಂದು ಅತ್ತಿಗೆ ಹೇಳುತ್ತಿದ್ದರು. "ದಿನಾ ಬೆಳಿಗ್ಗೆ ಬಂದು ನೋಡ್ತಾರೆ, ಇನ್ನೂ ಇದಾಳಾ ಅಂತ."

ಅಲ್ಲಿ ಅವರಿಗೆ ಬಿಟ್ಟುಕೊಟ್ಟಿದ್ದು ಭತ್ತದ ಮೂಟೆ ಇಡುವ ಕೋಣೆ. ಅದರ ಚಿಲಕ ಹೊರಗಡೆ ಮಾತ್ರ. ಭತ್ತ ಒಳಗಿಂದ ಚಿಲಕ ಹಾಕಿಕೊಳ್ಳುವುದಿಲ್ಲವಲ್ಲ. ಮೂಟೆಗೆಂದು, ಇಲಿ ಹೊಡೆಯಲೆಂದು ಯಾರು ಬೇಕಾದರೂ ಬಾಗಿಲು ತಳ್ಳಿಕೊಂಡು ಬರುವರು. ಅತ್ತಿಗೆ ಸೀರೆ ಬದಲಿಸಬೇಕಾದರೆ ಬಾಗಿಲಿಗೆ ಬೆನ್ನು ಒತ್ತಿ ನಿಲ್ಲಬೇಕು. "ನಂಗೆ ಗದ್ದೆ ತೋಟ ಎಂತ ಬೇಡ ಕಣೆ. ಒಳಗಿಂದ ಚಿಲಕ ಹಾಕ್ಕೊಂಡು ಮಲಗೋ ಹಂಗೆ ಒಂದು ಬಾಗ್ಲು ಬೇಕು. ಅದು ನಂದಾಗಿರ್ಬೇಕು" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾರೋ.

ಹೆಣ್ಣುಮಕ್ಕಳಿಗೆ ತವರಿನ ಆಸ್ತಿಯಲ್ಲಿ ಪಾಲು ಎಂಬ ಕಾನೂನು ನಮ್ಮ ರಾಜ್ಯದಲ್ಲಿ ಮೊದಲೇ ಬಂದಿತ್ತು. ಆದರೆ ಆವತ್ತಿಗೆ ಮದುವೆಯಾಗದೆ ಉಳಿದವರಿಗೆ ಮಾತ್ರ. ಅದನ್ನು ಕೇಳಿ ಅತ್ತಿಗೆ, "ಹಂಗಾರೆ ಅಪ್ಪ ನನ್ನ ಮದ್ವೆಗೆ ಅಷ್ಟು ಅವಸರ ಮಾಡಿದ್ದು ಇದಕ್ಕೇಯ" ಎಂದಿದ್ದರು. ಆಮೇಲೆ ಎರಡು ಸಾವಿರದ ಐದರಲ್ಲಿ ದಿಲ್ಲಿಯಿಂದ ಇನ್ನೊಂದು ಬಂತು, ಮದುವೆಯಾದವರಿಗೂ ಸಮಪಾಲು ಎಂದು. ನಮ್ಮ ಮಾವ ತೀರಿಕೊಂಡದ್ದು ಅದರ ಮರುವರ್ಷ. ತಿಥಿಯ ದಿನ ಭಾವ ಕಣ್ಣೊರೆಸಿಕೊಂಡು, "ಅಪ್ಪ ಒಂದೆರಡು ವರ್ಷ ಮುಂಚೆ ಹೋಗಿದ್ರೆ ಇಷ್ಟು ತಾಪತ್ರಯ ಇರ್ತಿರ್ಲಿಲ್ಲ" ಎಂದರು. ಅದು ದುಃಖವೋ ಲೆಕ್ಕಾಚಾರವೋ ಬಂದ ನೆಂಟರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ತಾಪತ್ರಯ ಎದ್ದದ್ದು ರಸ್ತೆ ಬದಿಯ ಗದ್ದೆಯಿಂದ. ಪೆಟ್ರೋಲ್ ಬಂಕ್ ಹಾಕುವವನೊಬ್ಬ ಅದನ್ನು ಕೇಳಿಕೊಂಡು ಬಂದ. ಅವನು ಹೇಳಿದ ರೇಟು ಕೇಳಿ ಅಣ್ಣತಮ್ಮಂದಿರಿಬ್ಬರೂ ಆ ದಿನ ಒಟ್ಟಿಗೆ ಊಟಕ್ಕೆ ಕೂತರು. ನನಗೂ ಅದರಲ್ಲಿ ಒಂದು ಗ್ರೈಂಡರ್ ಬರುವುದಿತ್ತು. ಆದರೆ ಬಂಕಿನವನ ವಕೀಲ ಕಾಗದಗಳನ್ನೆಲ್ಲ ತಿರುವಿ ನೋಡಿ, "ಹೆಣ್ಣುಮಕ್ಕಳ ಸಹಿ ಎಲ್ಲಿ?" ಎಂದು ಕೇಳಿದ.

ಅಲ್ಲಿಯ ತನಕ ಈ ಮನೆಗೊಬ್ಬಳು ಹೆಣ್ಣುಮಗಳಿದ್ದಾಳೆಂದು ನೆನಪಾಗುತ್ತಿದ್ದುದು ದೀಪಾವಳಿಗೆ ಒಂದು ನೂಲಿನ ಸೀರೆ ಕಳಿಸುವಾಗ, ಅದೂ ನಾನು ನೆನಪು ಮಾಡಿದರೆ. ಈಗ ಕಡಹಿನಬೈಲಿಗೆ ಜೀಪೇ ಹೊರಟಿತು. ಭಾವ ತಾವು ಹಿಂದೆ ಕೂತು ಅಕ್ಕನಿಗೆ ಮುಂದಿನ ಸೀಟು ಬಿಟ್ಟುಕೊಟ್ಟು ಕರೆತಂದರು. ಬಂದ ದಿನವೇ ಕೋಳಿ ಸಾರು, ಕಡುಬು. ಮರುದಿನವೂ ಕೋಳಿ. ಕಾನೂನು ಬದಲಾದದ್ದು ಊರವರಿಗಿಂತ ಮೊದಲು ನಮ್ಮ ಹುಂಜಗಳಿಗೆ ಗೊತ್ತಾಯಿತು. ಅಕ್ಕನಿಗೆ ಮಂಡಿ ನೋವಂತೆ ಎಂದು ಭಾವ ಶೃಂಗೇರಿಯಿಂದ ಎಣ್ಣೆ ತಂದರು. ಆ ಮಂಡಿ ನಾನು ಮದುವೆಯಾಗಿ ಬಂದಾಗಿನಿಂದ ನೋಯುತ್ತಿತ್ತು.

ಊಟಕ್ಕೆ ಕೂತಾಗ ಭಾವ ಮೆಲ್ಲಗೆ ವಿಷಯಕ್ಕೆ ಬಂದರು.

"ಅಕ್ಕ, ನಾಳೆ ಕೊಪ್ಪಕ್ಕೆ ಹೋಗಿ ಬರಾಣನಾ? ಒಂದು ಸಣ್ಣ ಸಹಿ."

"ಎಷ್ಟು ಸಣ್ದು?"

"ಸಣ್ದು ಅಂದ್ರೆ, ಸುಮ್ನೆ ಒಂದು."

"ಸುಮ್ನೆ ಆದ್ರೆ ಎಂತಕ್ಕೆ ಕೋಳಿ ಕುಯ್ದೆ ಮಾರಾಯ?" ಎಂದು ಅತ್ತಿಗೆ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. "ಇನ್ನೊಂಚೂರು ಸಾರು ಹಾಕೆ."

ಮರುದಿನ ಮಂಡಿ ಹಿಡಿದುಕೊಂಡಿತು. ಅದರ ಮರುದಿನ ಮಂಗಳವಾರ, ಕಾಗದ ಪತ್ರಕ್ಕೆ ಆಗದು. ಆಮೇಲೆ ಅಮಾವಾಸ್ಯೆ ಬಂತು. ಅತ್ತಿಗೆ ಪಂಚಾಂಗವನ್ನು ಅಷ್ಟು ಭಕ್ತಿಯಿಂದ ನೋಡಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ಮೈಕೈ ತುಂಬಿಕೊಂಡು ಮುಖದಲ್ಲಿ ಒಂದು ಕಳೆಯೂ ಬಂತು.

ಕೊನೆಗೊಂದು ದಿನ ಕೊಪ್ಪದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೊರಟೆವು. ಘಾಟಿ ತಿರುವಿನಲ್ಲಿ ಅತ್ತಿಗೆ ವಾಂತಿ ಮಾಡಿದರೆ ಹಿಡಿದುಕೊಳ್ಳಲು ನನ್ನನ್ನೂ ಕರೆದೊಯ್ದರು. ಆಫೀಸಿನ ಎದುರಿನ ಪತ್ರ ಬರೆಯುವವ ಎಲ್ಲ ಟೈಪು ಮಾಡಿಸಿಟ್ಟಿದ್ದ. ಓದಿ ಹೇಳತೊಡಗಿದ. ತಲೆಬರಹ 'ಹಕ್ಕು ಖುಲಾಸೆ ಪತ್ರ' ಎಂದು.

ಅತ್ತಿಗೆ ಅಲ್ಲೇ ತಡೆದರು. "ಖುಲಾಸೆ ಅಂದ್ರೆ ಕೋರ್ಟಲ್ಲಿ ಕಳ್ಳರನ್ನ ಬಿಡ್ತಾರಲ್ಲ, ಅದಾ?"

"ಶಬ್ದ ಅದೇ ಅಮ್ಮ, ಇಲ್ಲಿ ಅರ್ಥ ಬೇರೆ. ಹಕ್ಕಿನಿಂದ ನಿಮಗೆ ಬಿಡುಗಡೆ ಆಗ್ತದೆ."

"ಹಕ್ಕು ಬಂದಿದ್ದೇ ಮೊನ್ನೆ. ಅಷ್ಟು ಬೇಗ ಎಂತಕ್ಕೆ ಬಿಡುಗಡೆ? ನಾನೇನು ಅದ್ರ ಹತ್ರ ಬೇಜಾರು ಅಂತ ಹೇಳಿದ್ನಾ?"

ಬರೆಯುವವ ಕೆಮ್ಮಿ ಮುಂದೆ ಓದಿದ. ಅರಿಶಿನ ಕುಂಕುಮದ ಬಾಬ್ತು ಸಲ್ಲಿಸಲಾಗಿದೆ ಎಂಬ ಸಾಲು ಬಂತು.

"ಗಂಡ ಸತ್ತವಳಿಗೆ ಅರಿಶಿನ ಕುಂಕುಮ ಯಾವಾಗ ಕೊಟ್ರಿ?" ಎಂದು ಅತ್ತಿಗೆ ತಮ್ಮಂದಿರ ಕಡೆ ತಿರುಗಿದರು. "ಕೊಡೋದು ನಿಲ್ಸಿದ್ದು ನಂಗೆ ಚೆನ್ನಾಗಿ ನೆನಪಿದೆ." ಭಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ನಮ್ಮನೆಯವರು ಅವರ ಹಿಂದೆ ನಿಂತು ಅದೇ ಕ್ಯಾಲೆಂಡರನ್ನು ನೋಡುತ್ತಿದ್ದರು.

ಒಳಗೆ ಆಗಷ್ಟೇ ಕಂಪ್ಯೂಟರು, ಕ್ಯಾಮರಾ ಎಲ್ಲ ಬಂದಿತ್ತು. ಕುರ್ಚಿಯಲ್ಲಿದ್ದ ಸಾಹೇಬರು ಇನ್ನೂ ಚಿಕ್ಕ ಪ್ರಾಯದವರು. ತಲೆ ಎತ್ತದೆಯೇ, "ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡ್ತಾ ಇದೀರಾ ಅಮ್ಮ?" ಎಂದು ಕೇಳಿದರು. ಎಲ್ಲರನ್ನೂ ಹಾಗೆಯೇ ಕೇಳುತ್ತಾರೆ, ಎಲ್ಲರೂ ತಲೆಯಾಡಿಸಿ ಕ್ಯಾಮರಾ ಮುಂದೆ ಕೂರುತ್ತಾರೆ. ಅದಕ್ಕೆ ಉತ್ತರ ಹೇಳುವವರು ಅವರಿಗೆ ಆ ತನಕ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

"ಒತ್ತಾಯ ಎಂತ ಇಲ್ಲ ಸ್ವಾಮಿ" ಎಂದರು ಅತ್ತಿಗೆ. "ಕೋಳಿ ಕುಯ್ದು ಹಾಕಿದಾರೆ, ಮಂಡಿಗೆ ಎಣ್ಣೆ ತಂದ್ಕೊಟ್ಟಿದಾರೆ. ಆದ್ರೆ ಸಂತೋಷ ಇಲ್ಲ."

ಸಾಹೇಬರು ತಲೆ ಎತ್ತಿದರು. "ಅಂದ್ರೆ?"

"ಸಂತೋಷ ಇದ್ಯಾ ಅಂತ ಕೇಳಿದ್ರಲ್ಲ. ಇಲ್ಲ ಅಂದೆ."

"ಅಕ್ಕ, ಹೂಂ ಅನ್ನು. ಅದು ಸುಮ್ನೆ ಕೇಳೋದು" ಎಂದು ಭಾವ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

"ಸರ್ಕಾರದವರು ಸುಮ್ನೆ ಕೇಳ್ತಾರಾ? ಸಂತೋಷನಾ ಅಂತ ಇಷ್ಟು ವರ್ಷಕ್ಕೆ ನೀವ್ಯಾರೂ ಕೇಳ್ಲಿಲ್ಲ. ಕೇಳಿದೋರು ಇವ್ರೊಬ್ರು. ಇವ್ರಿಗೇ ಸುಳ್ಳು ಹೇಳೋದಾ?"

ಸಾಹೇಬರು ಪತ್ರವನ್ನು ಭಾವನ ಕಡೆ ಸರಿಸಿ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದು ಮುಂದಿನವರನ್ನು ಕರೆದರು. ವಾಪಸ್ ಬರುವಾಗ ಜೀಪಿನ ಮುಂದಿನ ಸೀಟಿನಲ್ಲಿ ಭಾವ ಕೂತರು. ಅತ್ತಿಗೆ ಹಿಂದೆ ನನ್ನ ಪಕ್ಕದಲ್ಲಿ ಕೂತು ಆರಾಮಾಗಿ ಎಲೆಗೆ ಸುಣ್ಣ ಹಚ್ಚಿದರು. ವಾಂತಿಯೇನೂ ಆಗಲಿಲ್ಲ.

ಆ ದಿನ ಮನೆಯಲ್ಲಿ ಬರೀ ತಿಳಿಸಾರು. ಅದನ್ನೂ ಅತ್ತಿಗೆ ಎರಡನೇ ಸಲ ಹಾಕಿಸಿಕೊಂಡರು. ಭಾವ ತಡೆಯಲಾರದೆ, "ಕೋರ್ಟಿಗೆ ಹೋಗ್ಬೇಕು ಅಂತ ಇದ್ಯಾ ಅಕ್ಕ?" ಎಂದು ಕೇಳಿದರು.

"ಕೋರ್ಟ್ ಮೆಟ್ಲು ಹತ್ತೋ ಮಂಡಿ ಇದಲ್ಲ. ಮೂರರಲ್ಲಿ ಒಂದು ನಂದು ಅಂತ ಆ ವಕೀಲನೇ ಹೇಳಿದಾನೆ. ಅದೆಲ್ಲ ನೀವೇ ಇಟ್ಕೊಳ್ಳಿ. ಗದ್ದೆ ಮೇಲಿನ ದಿಬ್ಬ, ಅಲ್ಲಿರೋ ಪಂಪ್ ಶೆಡ್ಡು, ಅಷ್ಟು ನನ್ನ ಹೆಸ್ರಿಗೆ ಬರೀರಿ. ಶೆಡ್ಡಿನ ಬಾಗ್ಲಿಗೆ ಒಳಗಿಂದ ಒಂದು ಗಟ್ಟಿ ಚಿಲಕ ಹಾಕ್ಸಿ ಕೊಡಿ. ನಂಗೆ ಸಂತೋಷ ಆಗ್ತದೆ."

ಮೋಟಾರು ಸುಟ್ಟುಹೋದ ಮೇಲೆ ಖಾಲಿ ಬಿದ್ದಿದ್ದ ಶೆಡ್ಡು ಅದು. ಹಳೆ ಗೋಣಿಚೀಲ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಆದರೂ ಅಣ್ಣತಮ್ಮಂದಿರು ವಾರಗಟ್ಟಲೆ ಯೋಚಿಸಿದರು. ಆ ಶೆಡ್ಡು ಅಜ್ಜನ ಕಾಲದ್ದೆಂದೂ ಅದರ ಮೇಲೆ ತಮಗೆ ಬಹಳ ಪ್ರೀತಿಯೆಂದೂ ಭಾವನಿಗೆ ಆಗ ನೆನಪಾಯಿತು. ಅಜ್ಜನ ಕಾಲದಲ್ಲಿ ಊರಿಗೆ ಕರೆಂಟೇ ಬಂದಿರಲಿಲ್ಲ. "ಕೊಟ್ಟು ಮುಗ್ಸಿ. ಇನ್ನು ಉಳಿದಿರೋದು ಮೊಟ್ಟೆಗೆ ಕೂತ ಹೇಂಟೆ ಒಂದೇ" ಎಂದೆ ನಾನು.

ಎರಡನೇ ಸಲ ಹೋದಾಗ ಸಾಹೇಬರಿಗೆ ಅತ್ತಿಗೆಯ ಗುರುತು ಹತ್ತಿತು. ಈ ಸಲ ಮುಖ ನೋಡಿ ಕೇಳಿದರು. "ಈಗ ಸಂತೋಷನಾ ಅಮ್ಮ?"

"ಈಗ ಹೌದು. ಫೋಟೋ ತೆಗೀರಿ" ಎಂದು ಅತ್ತಿಗೆ ಹೆಬ್ಬೆರಳನ್ನು ತಾವಾಗಿಯೇ ಚಾಚಿದರು. ಕ್ಯಾಮರಾಕ್ಕೆ ಕೆಂಪು ಹಲ್ಲು ತೋರಿಸಿ ನಕ್ಕರು. ಆ ಆಫೀಸಿನ ಕಾಗದಗಳಲ್ಲಿ ನಗುತ್ತಿರುವ ಮುಖ ಬೇರೆ ಇರಲಾರದು. ಅಷ್ಟು ಹೊತ್ತಿಗೆ ಬಂಕಿನವನು ಕಾದು ಸಾಕಾಗಿ ಬೇರೆ ಕಡೆ ಜಾಗ ತೆಗೆದುಕೊಂಡಿದ್ದ. ಭಾವ ಅಕ್ಕನ ಹತ್ತಿರ ಮಾತು ಬಿಟ್ಟರು. ನಾನು ಒರಳಲ್ಲೇ ಹಿಟ್ಟು ರುಬ್ಬಿದೆ.

ಅತ್ತಿಗೆ ಕಡಹಿನಬೈಲಿನಿಂದ ಒಂದು ಟ್ರಂಕು ತಂದು ಶೆಡ್ಡಿನಲ್ಲಿ ಒಲೆ ಹೂಡಿದರು. ಮಧ್ಯಾಹ್ನ ಉಂಡು ಮಲಗುವಾಗ ಅವರು ಚಿಲಕ ಹಾಕುವ ಸದ್ದು ಗದ್ದೆ ದಾಟಿ ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು. ಬೇಕೆಂದೇ ಜೋರಾಗಿ ಹಾಕುತ್ತಿದ್ದರು. ಕೇಳಿದರೆ, "ಚಿಲಕ ಹೊಸ್ತಲ್ವಾ, ಬಿಗಿ" ಎನ್ನುವರು. ವರ್ಷ ಕಳೆದರೂ ಅದು ಹೊಸತೇ ಆಗಿತ್ತು.

ಆಮೇಲೆ ಯಾರೋ ವಕೀಲರು ಭಾವನಿಗೆ ಸಮಾಧಾನದ ಮಾತು ಹೇಳಿದರು. ಮಕ್ಕಳಿಲ್ಲದ ಹೆಂಗಸು ವೀಲು ಬರೆಯದೆ ಸತ್ತರೆ, ತಂದೆ ಕಡೆಯಿಂದ ಬಂದ ಆಸ್ತಿ ತಂದೆಯ ವಾರಸುದಾರರಿಗೇ ವಾಪಸ್ಸಂತೆ. ಭಾವನ ಮುನಿಸು ಅವತ್ತೇ ಇಳಿಯಿತು. ಅಕ್ಕನನ್ನು ಮತ್ತೆ ವಿಚಾರಿಸಿಕೊಳ್ಳತೊಡಗಿದರು, ಕ್ರಮ ಮಾತ್ರ ಬೇರೆ. ಸಹಿ ಬೇಕಿದ್ದಾಗ ಅಕ್ಕ ಸೀನಿದರೂ ಡಾಕ್ಟರು ಬರುತ್ತಿದ್ದರು. ಈಗ ಜ್ವರ ಏರಿದರೂ, "ವಯಸ್ಸಾಯ್ತಲ್ಲ" ಎನ್ನುವರು. ಜೊತೆಗೊಂದು ಬುದ್ಧಿಮಾತು: "ವೀಲು ಗೀಲು ಅಂತ ತಲೆಗೆ ಹಚ್ಕೋಬೇಡ ಅಕ್ಕ. ಅಪಶಕುನ."

ನನಗೆ ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲ. ಹೋಗಿ ನೇರವಾಗಿ ಹೇಳಿದೆ. "ಅತ್ತಿಗೆ, ನೀವು ವೀಲು ಬರೀದೆ ಹೋದ್ರೆ ಈ ಶೆಡ್ಡು ನಮಗೇ ಬರ್ತದಂತೆ."

"ಗೊತ್ತು. ನಿನ್ನ ಭಾವ ಅಪಶಕುನ ಅಂದಾಗ್ಲೇ ಗೊತ್ತಾಯ್ತು. ನಿನ್ನ ಹೆಸ್ರಿಗೆ ಬರ್ದಿಡ್ಲಾ?"

"ಬೇಡ. ಆಮೇಲೆ ನನ್ನ ಮಗ ನನ್ನ ಮಂಡಿಗೆ ಎಣ್ಣೆ ತರ್ತಾನೆ."

ಅತ್ತಿಗೆ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಹೇಳಿದರು, "ನನ್ನ ಗಂಡ ಸತ್ಮೇಲೂ ಯಾರು ಎಲ್ಲಿ ಮಲಗ್ಬೇಕು ಅಂತ ಹೇಳ್ತಾನೇ ಇದ್ದ. ಆ ಚಟ ನಂಗೆ ಬೇಡ. ಇರೋ ಅಷ್ಟು ದಿನಕ್ಕೆ ಬೇಕಿತ್ತು, ಸಿಕ್ತು. ಹೋದ್ಮೇಲೆ ಯಾರಾದ್ರೂ ಬರ್ಲಿ, ಇಲಿ ಬೇಕಾದ್ರೂ ಬರ್ಲಿ." ವೀಲು ಬರೆಯಲಿಲ್ಲ.

ಅತ್ತಿಗೆಯ ಹತ್ತಿರ ನಾನು ಕೊನೆಯ ಸಲ ಮಾತಾಡಿದ್ದು ಹಲಸಿನ ಹಪ್ಪಳ ಕೊಡಲು ಹೋದಾಗ. ಬೇಸಿಗೆ, ಮಧ್ಯಾಹ್ನ. ಬಾಗಿಲು ಹಾಕಿತ್ತು. ಬಡಿದೆ.

"ಯಾರದು?"

"ನಾನು."

"ಎಂತ ಬೇಕಿತ್ತು?"

"ಎಂತ ಬೇಡ. ಹಪ್ಪಳ ತಂದಿದೀನಿ."

"ನಾನೀಗ ಮಲಗಿದೀನಿ. ಬಾಗ್ಲು ತೆಗೆಯೋ ಮನಸಿಲ್ಲ ಮಾರಾಯ್ತಿ. ಅಲ್ಲೇ ಕಟ್ಟೆ ಮೇಲೆ ಇಟ್ಟು ಹೋಗು."

ಇಟ್ಟು ಬಂದೆ. ಬಿಸಿಲಲ್ಲಿ ಅಷ್ಟು ದೂರ ಹೋದವಳಿಗೆ ಒಂದು ಲೋಟ ನೀರೂ ಇಲ್ಲ ಎಂದು ಸಿಟ್ಟು ಬಂದಿತ್ತು, ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಮರುದಿನ ಬೆಳಿಗ್ಗೆ ನೋಡಿದರೆ ಹಪ್ಪಳದ ಡಬ್ಬಿ ಕಟ್ಟೆಯ ಮೇಲೇ ಇತ್ತು. ಕರೆದರೆ ಸದ್ದಿಲ್ಲ.

ಭಾವ, ನಮ್ಮನೆಯವರು ಸೇರಿ ಬಾಗಿಲು ತಳ್ಳಿದರು. ಆಗಲಿಲ್ಲ. ಹಾರೆ ತಂದು ಮೀಟಿದರು. ಹಲಗೆ ಸೀಳಿ ಎರಡಾಯಿತೇ ಹೊರತು ಚಿಲಕ ಬಗ್ಗಲಿಲ್ಲ. ಒಳಗೆ ಅತ್ತಿಗೆ ಗೋಡೆ ಕಡೆ ಮುಖ ಮಾಡಿ ಆರಾಮಾಗಿ ಮಲಗಿದ್ದರು, ಯಾರೂ ಎಬ್ಬಿಸದ ಹಾಗೆ.

ಶೆಡ್ಡು ಕಾನೂನಿನ ಪ್ರಕಾರ ತಮ್ಮಂದಿರಿಬ್ಬರಿಗೂ ಬಂತು. ಬಾಗಿಲು ಮಾತ್ರ ಇಲ್ಲ. ಹೊಸದು ಹಾಕಿಸುವ ಖರ್ಚು ಯಾರ ಪಾಲಿಗೆ ಎಂದು ಇಬ್ಬರೂ ಇನ್ನೂ ಮಾತಾಡುತ್ತಲೇ ಇದ್ದಾರೆ.