ರಂಗೂನಿನವರ ಮನೆ

ಕೊಟ್ಟೂರಿನಲ್ಲಿ ಪುಷ್ಪಲತಾಳ ಮನೆಗೆ ದಾರಿ ಕೇಳಿದರೆ ಜನ ಇಂದಿಗೂ "ರಂಗೂನಿನವರ ಮನೀನಾ?" ಎಂದು ತಿರುಗಿ ಕೇಳುತ್ತಾರೆ. ಆ ಹೆಸರಿನ ಹಿಂದಿನ ಕಥೆಯನ್ನು ಕೇಳದಿದ್ದರೂ ಹೇಳುತ್ತಾರೆ. ಅವಳ ತಾಯಿಯ ತಂದೆ ಏಕಾಂತಪ್ಪ ದೊಡ್ಡ ಯುದ್ಧದ ಕಾಲದಲ್ಲಿ ವಿಮಾನ ಹಾರಿಸುತ್ತಿದ್ದನಂತೆ. ಬರ್ಮಾಕ್ಕೆ ಹೋದವನು ಅಲ್ಲಿಯ ಹೆಂಗಸೊಬ್ಬಳನ್ನು ಕಟ್ಟಿಕೊಂಡು ರಂಗೂನಿನಲ್ಲಿ ತೇಗದ ಮನೆ ಮಾಡಿದನಂತೆ, ಇಬ್ಬರು ಗಂಡುಮಕ್ಕಳಂತೆ. ಒಮ್ಮೆ ಊರ ಮೇಲೆ ವಿಮಾನದಲ್ಲಿ ಬಂದು, ಇಲ್ಲಿ ಬಿಟ್ಟುಹೋದ ಹೆಂಡತಿಯ ಮನೆಯ ಮಾಳಿಗೆಯನ್ನು ಎರಡು ಸುತ್ತು ಹಾಕಿ, ಇಳಿಯಲು ಮನಸ್ಸಾಗದೆ ಹೊರಟುಹೋದನೆಂದು ಆಣೆ ಮಾಡುವವರೂ ಇದ್ದಾರೆ.

ಅವನು ವಿಮಾನ ಹಾರಿಸುತ್ತಿದ್ದದ್ದು ನಿಜ. ಮಿಕ್ಕದ್ದೆಲ್ಲ ಸುಳ್ಳು. 1944ರ ಬೇಸಿಗೆಯಲ್ಲಿ ಇಂಫಾಲದ ಹತ್ತಿರ ಅವನ ಹರಿಕೇನ್ ವಿಮಾನ ಗುಡ್ಡಕ್ಕೆ ಬಡಿದು ಬಿತ್ತು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ರಂಗೂನಿನಲ್ಲಿ ಅವನು ಕಾಲಿಟ್ಟಿರಲೇ ಇಲ್ಲ. ಕೊಟ್ಟೂರಿನಲ್ಲಿ ಆಗಷ್ಟೇ ಹುಟ್ಟಿದ್ದ ಮಗಳ ಮುಖವನ್ನೂ ಕಂಡಿರಲಿಲ್ಲ.

ಇಷ್ಟನ್ನು ಹುಡುಕಿ ತೆಗೆಯಲು ಎಂಬತ್ತು ವರ್ಷ ಬೇಕಾಯಿತು. ಹುಡುಕಿದವಳು ಇತಿಹಾಸ ಓದಿದವಳಲ್ಲ. ಪುಷ್ಪಲತಾ ಪಟ್ಟಣದ ಗ್ರಂಥಾಲಯದಲ್ಲಿ ಸಹಾಯಕಿ. ಬೆಳಿಗ್ಗೆ ಕಿಟಕಿ ತೆಗೆಯುವುದು, ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವುದು, ಪರೀಕ್ಷೆಗೆ ಓದುವ ಹುಡುಗರು ಪಿಸುಗುಟ್ಟಿದರೆ ಬೆರಳಿನಿಂದ ಮೇಜು ಕುಟ್ಟುವುದು, ಸಂಜೆ ಬೀಗ ಹಾಕುವುದು. ಮದುವೆಯಾಗಲಿಲ್ಲ. ಹಡಗಲಿಯಿಂದ ಒಂದು, ಕೂಡ್ಲಿಗಿಯಿಂದ ಒಂದು ಸಂಬಂಧ ಬಂದಿದ್ದವು. ಎರಡೂ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ರಂಗೂನಿನ ಕಥೆ ಕೇಳಿ ಮನೆಯ ಹೊಸ್ತಿಲು ತುಳಿಯದೆ ವಾಪಸಾದವು. ಓಡಿಹೋಗುವ ರಕ್ತವನ್ನು ಯಾರು ತಾನೆ ಮನೆ ತುಂಬಿಸಿಕೊಳ್ಳುತ್ತಾರೆ? ತಂದೆ ತೀರಿದ ಮೇಲೆ ಮನೆಯಲ್ಲಿ ಅವಳು ಮತ್ತು ತಾಯಿ ದಾಕ್ಷಾಯಣಮ್ಮ, ಇಬ್ಬರೇ. ಹಗಲೆಲ್ಲ ಸದ್ದು ಮಾಡಬೇಡಿರೆಂದು ಊರಿಗೆ ಹೇಳಿ ಬಂದವಳಿಗೆ, ಮನೆಯಲ್ಲಿ ಆ ಮಾತು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ದಾಕ್ಷಾಯಣಮ್ಮನಿಗೆ ಒಂದು ಚಾಳಿ ಇತ್ತು. ವಿಮಾನದ ಸದ್ದು ಕೇಳಿದರೆ ಕೈಯಲ್ಲಿದ್ದದ್ದನ್ನು ಅಲ್ಲಿಯೇ ಬಿಟ್ಟು ಒಳಗೆ ಬಂದುಬಿಡುವಳು. ಜನ್ಮದಲ್ಲಿ ಒಮ್ಮೆಯೂ ತಲೆಯೆತ್ತಿ ವಿಮಾನ ನೋಡಿದವಳಲ್ಲ. ಮೊದಲೆಲ್ಲ ಅಪರೂಪಕ್ಕೊಮ್ಮೆ ಕೇಳುತ್ತಿದ್ದ ಸದ್ದು, ತೋರಣಗಲ್ಲಿನ ಕಡೆ ವಿಮಾನಗಳು ಇಳಿಯತೊಡಗಿದ ಮೇಲೆ ಹೆಚ್ಚಾಯಿತು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕಲು ಹೋದ, ಎಂಬತ್ತರ ಹತ್ತಿರದ ಮುದುಕಿ ಸೆರಗು ಮುಖಕ್ಕೆ ಹಿಡಿದು ಗಡಬಡಿಸಿ ಮೆಟ್ಟಿಲಿಳಿಯುವುದನ್ನು ಕಂಡ ದಿನ ಪುಷ್ಪಲತಾಳಿಗೆ ತಡೆಯಲಾಗಲಿಲ್ಲ.

"ಬಿದ್ದು ಕಾಲು ಮುರ್ಕೊಂತಿ ನೋಡವ್ವ. ಅದೇನು ನಿನ್ನ ಎತ್ತಿಕೊಂಡು ಹೋಗತೈತೇನು?"

"ನನ್ನ ಬಿಟ್ಟು ಹೋಗ್ಯಾನ," ಎಂದಳು ದಾಕ್ಷಾಯಣಮ್ಮ. "ಅದರಾಗ ಕುಂತು ಹೋದಾಂವ ತಿರುಗಿ ನೋಡ್ಲಿಲ್ಲ. ನಾ ಯಾಕ ತಲಿ ಎತ್ತಲಿ?"

ಅಂದೇ ಹುಡುಕಾಟ ಶುರುವಾಯಿತು. ಅಜ್ಜ ಯಾಕೆ ಬರಲಿಲ್ಲ ಎಂಬುದೊಂದು ತಿಳಿದರೆ, ತಾಯಿ ಇರುವಷ್ಟು ದಿನವಾದರೂ ಆಕಾಶಕ್ಕೆ ಹೆದರದೆ ಇದ್ದಾಳು ಎಂಬುದಷ್ಟೇ ಅವಳ ಆಸೆ.

ಹರಪನಹಳ್ಳಿಯಲ್ಲಿ ಏಕಾಂತಪ್ಪನ ಅಣ್ಣನ ಮನೆತನವಿದೆ. ಆ ಅಣ್ಣನ ಮೊಮ್ಮಗ ಹಂಪೇಶ್ ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ.

"ಏನಕ್ಕಾ, ಇಷ್ಟು ವರ್ಷದ ಮ್ಯಾಲೆ? ಸಣ್ಣಜ್ಜನ ಪಾಲು ಕೇಳಾಕ ಬಂದಿಯೋ ಹೆಂಗೆ?"

"ಪಾಲು ನೀನ ಇಟ್ಕೊಳಪ್ಪ. ಆತಂದು ಫೋಟೊ ಇದ್ರ ಕೊಡು."

"ಪಾಲಿಗಿಂತ ಅದು ಸಸ್ತಾ ಆತು, ತಗೋ," ಎಂದು ನಗುತ್ತ ಅಟ್ಟದಿಂದ ಚಿತ್ರವೊಂದನ್ನು ಇಳಿಸಿ, ಧೂಳು ಒರೆಸಿಕೊಟ್ಟ. ಮದರಾಸಿನಲ್ಲಿ ಓದಿ, ಹತ್ತಿಯ ವ್ಯಾಪಾರ ಬೇಡವೆಂದು ಅಣ್ಣನೊಡನೆ ಜಗಳವಾಡಿ ವಾಯುಪಡೆ ಸೇರಿದ ಹುಡುಗ. ಎದೆಯ ಮೇಲೆ ಹೊಲಿದ ರೆಕ್ಕೆಗಳು, ಹಣೆಯ ಮೇಲೆ ತೆಳ್ಳಗೆ ಮೂರೆಳೆ ವಿಭೂತಿ. ದಾಕ್ಷಾಯಣಮ್ಮನದೇ ಗಲ್ಲ.

ಆಮೇಲೆ ಎರಡು ವರ್ಷ ಪುಷ್ಪಲತಾ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದಳು. ಯುದ್ಧ ಮುಗಿದ ಮೇಲೆ ಬರ್ಮಾದಲ್ಲಿ ಉಳಿದವರು, ನೌಕರಿ ಬಿಟ್ಟವರು, ರಂಗೂನಿನಿಂದ ಎಷ್ಟೋ ವರ್ಷದ ಮೇಲೆ ಮರಳಿದವರು, ಇಂಥವರ ಪಟ್ಟಿಗಳಲ್ಲಿ. ಯಾರು ಯಾರಿಗೋ ಬರೆದಳು. ಕೆಲವರು ಸೌಜನ್ಯದಿಂದ ಇಲ್ಲವೆಂದರು, ಬಹಳ ಜನ ಉತ್ತರಿಸಲಿಲ್ಲ. ದಿನವೂ ಪತ್ರಿಕೆ ಓದಲು ಬರುವ ನಿವೃತ್ತ ಕಂಡಕ್ಟರ್ ಪಾಲಾಕ್ಷಪ್ಪ ಕನ್ನಡಕದ ಮೇಲಿಂದ ನೋಡಿ ಕೇಳುವನು: "ಪುಷ್ಪವ್ವಾ, ಅಜ್ಜ ಸಿಕ್ಕನೇನು? ಸಿಕ್ಕರ ಬರೋವಾಗ ಒಂದು ತೇಗದ ಮಂಚ ತರಾಕ ಹೇಳು. ಲಗೇಜ್ ಚಾರ್ಜ್ ನಾ ಬಿಡಸ್ತೀನಿ." ಅವಳೂ ನಗುವಳು. ಅಷ್ಟು ಹೊತ್ತಿನ ತನಕ ಆ ದಿನ ಅವಳೊಡನೆ ಮಾತನಾಡಿದವನು ಅವನೊಬ್ಬನೇ ಆಗಿರುತ್ತಿದ್ದ.

ತಾನು ಬದುಕಿ ಉಳಿದವರಲ್ಲಿಯೇ ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಎರಡು ವರ್ಷ ಹೊಳೆಯಲಿಲ್ಲ. ಊರೇ ಒಬ್ಬನಿಗೆ ಹೆಂಡತಿ, ಮನೆ, ಮಕ್ಕಳನ್ನು ಕೊಟ್ಟಿರುವಾಗ ಅವನನ್ನು ಸತ್ತವರ ನಡುವೆ ಯಾರು ಅರಸುತ್ತಾರೆ? ಒಂದು ಮಧ್ಯಾಹ್ನ ಬೇಸರಕ್ಕೆ, ಯುದ್ಧದಲ್ಲಿ ಮಡಿದವರ ಸ್ಮಾರಕಗಳನ್ನು ನೋಡಿಕೊಳ್ಳುವವರ ಜಾಲತಾಣದಲ್ಲಿ ಹೆಸರು ಹಾಕಿದಳು. ಉಸಿರು ಬಿಡುವಷ್ಟರಲ್ಲಿ ಸಿಕ್ಕಿತು. ಹೆಸರು, ದರ್ಜೆ, ಸತ್ತ ದಿನ. ಇಂಫಾಲದಲ್ಲಿ ದಹನವಾದವರ ನೆನಪಿಗೆ ನಿಲ್ಲಿಸಿದ ಕಲ್ಲಿನಲ್ಲಿ ಅವನ ಹೆಸರಿದೆ ಎಂಬ ಒಕ್ಕಣೆ. ಅದರ ಕೆಳಗೆ ಒಂದು ಸಾಲು: ಕೊಟ್ಟೂರಿನ ಕೊಟ್ರಬಸಮ್ಮನ ಪತಿ.

ಪುಷ್ಪಲತಾ ಆ ಸಾಲನ್ನು ನೋಡುತ್ತ ಕುಳಿತಳು. ಹೆಂಡತಿಯ ಹೆಸರು, ಊರು ಅವರಲ್ಲಿದ್ದರೆ, ಸತ್ತ ಸುದ್ದಿಯೂ ಆ ಹೆಂಡತಿಗೆ ಬಂದಿರಲೇಬೇಕು. ಹಾಗಾದರೆ ಅಜ್ಜಿ?

ಅಜ್ಜಿ ಕೊಟ್ರಬಸಮ್ಮ ತೀರಿಕೊಂಡದ್ದು ಎಪ್ಪತ್ತು ವಯಸ್ಸಿನ ಆಸುಪಾಸಿನಲ್ಲಿ, ಹಣೆತುಂಬ ಕುಂಕುಮ, ಮೊಳಕೈವರೆಗೆ ಹಸಿರು ಬಳೆ ಇಟ್ಟುಕೊಂಡು. ಗಂಡ ಬಿಟ್ಟುಹೋದರೂ ಇದ್ದಾನಲ್ಲ, ಮುತ್ತೈದೆ. ಓಣಿಯ ಯಾವ ಮದುವೆಯಲ್ಲೂ ಮದುಮಗಳಿಗೆ ಮೊದಲ ಅರಿಶಿಣ ಹಚ್ಚುತ್ತಿದ್ದವಳು ಅವಳೇ, ಅವಳ ಕೈಗುಣ ಒಳ್ಳೆಯದೆಂದು. ಶರಣರು ಏನೇ ಹೇಳಿರಲಿ, ಅಂಗಳದ ಲೆಕ್ಕ ಬೇರೆಯೇ ಇರುತ್ತದೆ. ವಿಧವೆಯ ಕೈಯಿಂದ ಅರಿಶಿಣ ಯಾರೂ ಹಚ್ಚಿಸಿಕೊಳ್ಳುವುದಿಲ್ಲ. ಸತ್ತಾಗ ಓಣಿಯ ಹೆಂಗಸರೆಲ್ಲ ಬಂದು ಉಡಿ ತುಂಬಿ, ಸಾವೆಂದರೆ ಇಂಥದ್ದಿರಬೇಕು ಎಂದು ಕಣ್ಣೊರೆಸಿಕೊಂಡಿದ್ದರು.

ಅಜ್ಜಿಯ ಕಾಲದವರಲ್ಲಿ ಉಳಿದವಳೆಂದರೆ ತಿಪ್ಪೇರುದ್ರಮ್ಮ ಒಬ್ಬಳೇ. ಕೊಟ್ಟೂರಿನ ಅಂಚೆಯವನ ಮಗಳು, ಉಜ್ಜಿನಿಗೆ ಕೊಟ್ಟ ಹೆಣ್ಣು, ತೊಂಬತ್ತು ದಾಟಿದವಳು. ಪುಷ್ಪಲತಾ ಬಸ್ಸು ಹತ್ತಿ ಉಜ್ಜಿನಿಗೆ ಹೋದಾಗ ಆಕೆ ಪಡಸಾಲೆಯಲ್ಲಿ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಏಕಾಂತಪ್ಪನ ಸುದ್ದಿ ಕೇಳಿಯೂ ಕೈ ನಿಲ್ಲಿಸಲಿಲ್ಲ.

"ಅಂತೂ ಸಿಕ್ಕನಾ ಆತ. ನಾ ಸಾಯೋದರೊಳಗ ಯಾರಾರ ಕೇಳ್ಲಿ ಅಂತಿದ್ದೆ."

"ಹಂಗಾದ್ರ ನಿಮಗ ಗೊತ್ತಿತ್ತೇನ್ರಿ ಅಮ್ಮಾ?"

"ತಂತಿ ತಂದಾಂವ ನಮ್ಮಪ್ಪ. ನಾನೂ ಹಿಂದ ಹೋಗಿದ್ದೆ. ನಿಮ್ಮಜ್ಜಿ ಬಾಣಂತಿ, ಹದಿನೇಳು ಇರಬೇಕು. ಆಕಿ ಅವ್ವ ಹೊಲಕ್ಕ ಹೋಗಿದ್ಲು. ಅಪ್ಪ ಓದಿ ಹೇಳಿದ. ಅಳಲಿಲ್ಲವ್ವ ಆಕಿ. ತಂತಿ ಇಸ್ಕೊಂಡ್ಲು, ನೀರೊಲಿಗೆ ಹಾಕಿದ್ಲು. 'ಕಾಕಾ, ನೀವು ಇವತ್ತು ನಮ್ಮ ಮನಿಗೆ ಬಂದಿಲ್ಲ' ಅಂದ್ಲು. ಎದಿಮ್ಯಾಗ ಕೂಸು. ಅಪ್ಪ ಏನಂತಾನ? 'ಇಲ್ಲವ್ವ, ಬಂದಿಲ್ಲ' ಅಂದ. ಸಾಯೋ ತನಕ ಬಾಯಿ ಬಿಡಲಿಲ್ಲ. ನನಗೂ ಬಿಡಗೊಡಲಿಲ್ಲ."

"ಮತ್ತ ರಂಗೂನಿನ ಹೆಂಗಸು?"

ತಿಪ್ಪೇರುದ್ರಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ಆಕಿನ್ನ ಹುಟ್ಟಿಸಿದಾಕಿನ ನಿಮ್ಮಜ್ಜಿ! ಗಂಡ ಸತ್ರ ಕುಂಕುಮ ಹೋಗತೈತಿ. ಓಡಿಹೋದ್ರ ಉಳೀತೈತಿ. ಕಾಗದ ಯಾಕ ಬರವಲ್ಲದು ಅಂತ ಜನ ಕೇಳಾಕ ಹತ್ತಿದ್ರು, ಒಬ್ಬಾಕಿನ್ನ ಕಟ್ಟಿ ಕೊಟ್ಲು. ಆಮ್ಯಾಲೆ ಒಂದು ಗಂಡು. ಆಮ್ಯಾಲೆ ಇನ್ನೊಂದು. ನಾನ ಕೈ ಮುಗದೆ, ಸಾಕು ಮಾಡ ತಾಯಿ ಅಂತ. ಬಿಟ್ಟಿದ್ರ ಹತ್ತು ಹಡಸ್ತಿದ್ಲು ಆ ಬರ್ಮಾದಾಕಿ ಕಡಿಂದ!"

ನಗು ನಿಂತ ಮೇಲೆ ಅವಳು ಇನ್ನೊಂದು ಹೇಳಿದಳು. ಯುದ್ಧ ಮುಗಿದ ಮೇಲೆ ಬಳ್ಳಾರಿಯಿಂದ ಜೀಪಿನಲ್ಲಿ ಅಧಿಕಾರಿಯೊಬ್ಬ ವಿಧವೆಯ ಪಿಂಚಣಿಯ ಮಾತಿಗೆ ಬಂದಿದ್ದ. ಕೊಟ್ರಬಸಮ್ಮ ಹೊಸ್ತಿಲ ಮೇಲೆ ನಿಂತು, "ಏನ್ರಿ ಸಾಹೇಬ್ರ, ಇದು ಮುಂಡಿ ಹಣಿ ಕಂಡಂಗ ಕಾಣತೈತೇನು?" ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಓಡಿಹೋದವನನ್ನು ಹಿಡಿಯಲು ಸರ್ಕಾರವೇ ಬಂದಿತ್ತೆಂದು ಊರು ಆಡಿಕೊಂಡಿತು. ಅವಳು ಆ ಮಾತನ್ನೂ ಇರಲಿ ಎಂದು ಇಟ್ಟುಕೊಂಡಳು. ಮಂದಿಯ ಬಟ್ಟೆ ಹೊಲಿದು ಮಗಳನ್ನು ಬೆಳೆಸಿದಳು.

"ನನ್ನ ಲಗ್ನದಾಗ ಅರಿಶಿಣ ಹಚ್ಚಿದಾಕಿ ಆಕಿನ," ಎಂದಳು ತಿಪ್ಪೇರುದ್ರಮ್ಮ. "ಗೊತ್ತಿದ್ದೂ ಹಚ್ಚಿಸ್ಕೊಂಡೆ. ನನ್ನ ಗಂಡ ಎಂಬತ್ತು ದಾಟಿಸಿ ಹೋದ. ಏನಾತು? ಏನೂ ಆಗಲಿಲ್ಲ. ಆದ್ರ ಎಲ್ಲಾರೂ ನನ್ನಂಗ ತಿಳ್ಕೊಂತಾರಂತ ಹೇಳಾಕ ಬರಂಗಿಲ್ಲ, ತಂಗಿ."

ವಾಪಸು ಬರುವ ಬಸ್ಸಿನಲ್ಲಿ ಪುಷ್ಪಲತಾಳಿಗೆ ಎರಡು ಕಡೆಯ ಭಾರವೂ ಸ್ಪಷ್ಟವಾಗಿ ಕಂಡಿತು. ಹೇಳಿದರೆ ತಾಯಿಗೆ ತಂದೆ ಸಿಗುತ್ತಾನೆ, ಬಿಟ್ಟುಹೋಗದ ತಂದೆ. ಆದರೆ ಮುತ್ತೈದೆಯಾಗಿ ಮಣ್ಣಿಗಿಟ್ಟ ತಾಯಿಯನ್ನು ಆಕೆ ಮತ್ತೆ ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ ಮಾಳಿಗೆಯ ಮೆಟ್ಟಿಲಿಳಿಯುವ ಓಟ ಸಾಯುವ ತನಕ ತಪ್ಪುವುದಿಲ್ಲ. ಇದನ್ನು ಕೇಳಿ ನಿರ್ಣಯಿಸಲು ಅವಳಿಗೆ ಅಕ್ಕತಂಗಿಯರಿಲ್ಲ, ಗೆಳತಿಯರಿಲ್ಲ. ಪಾಲಾಕ್ಷಪ್ಪನಿಗಂತೂ ಹೇಳುವಂತಿಲ್ಲ.

ಹೇಳಿದಳು. ಊಟವಾದ ಮೇಲೆ, ಫೋಟೊವನ್ನು ತಾಯಿಯ ಮಡಿಲಲ್ಲಿಟ್ಟು, ಒಂದನ್ನೂ ಬಿಡದೆ.

ದಾಕ್ಷಾಯಣಮ್ಮ ಬಹಳ ಹೊತ್ತು ಚಿತ್ರದ ಗಾಜನ್ನು ಸೆರಗಿನಿಂದ ಒರೆಸಿದಳು. ಮೊದಲು ಕೇಳಿದ್ದು, "ಸುಟ್ಟರಾ?"

"ಹೂಂ ಅವ್ವ. ದಂಡಿನಾಗ ಅದ ಪದ್ಧತಿ ಇತ್ತು."

"ಕೊರಳಾಗ ಲಿಂಗ ಇದ್ದೀತಲ್ಲ. ನಮ್ಮವರನ್ನ ಮಣ್ಣಿಗಿಡಬೇಕು." ಚಿತ್ರವನ್ನು ಮತ್ತೊಮ್ಮೆ ಒರೆಸಿ ಕೇಳಿದಳು: "ನಾ ಹುಟ್ಟಿದ್ದು ಆತಗ ಗೊತ್ತಿತ್ತೇನು?"

"ಅದು ಗೊತ್ತಾಗಲಿಲ್ಲವ್ವ."

ಆಮೇಲೆ ದಾಕ್ಷಾಯಣಮ್ಮ ಗೋಡೆಯ ಮೇಲಿದ್ದ ತನ್ನ ತಾಯಿಯ ಪಟವನ್ನು ನೋಡಿದಳು. ಆ ಪಟದ ಗಾಜಿನ ಮೇಲೆ ಪ್ರತಿ ಶುಕ್ರವಾರ ಕುಂಕುಮವಿಡುತ್ತಿದ್ದವಳು ತಾನೇ. ಹೋಗಿ ಮಲಗಿದಳು. ವಾರವಿಡೀ ಮಗಳೊಂದಿಗೆ ಬೇಕಾದಷ್ಟೇ ಮಾತಾಡಿದಳು. ಆ ಶುಕ್ರವಾರ ಪಟಕ್ಕೆ ಕುಂಕುಮ ಬೀಳಲಿಲ್ಲ. ಪುಷ್ಪಲತಾ ತಾನು ಮಾಡಬಾರದ್ದನ್ನು ಮಾಡಿದೆನೆಂದು ಎಣಿಸಿದಳು.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆಯಿಡುವ ದಿನ. ಪ್ರತಿವರ್ಷ ಆ ಮನೆಯಲ್ಲಿ ಅಜ್ಜಿಯ ಹೆಸರಿಗೆ ಹಸಿರು ಸೀರೆ, ಬಳೆ, ಕುಂಕುಮದ ಬಟ್ಟಲು. ಪುಷ್ಪಲತಾಳ ಅಪ್ಪನ ಹೆಸರಿಗೆ ಪಂಚೆ. ಏಕಾಂತಪ್ಪನಿಗೆ ಎಂದೂ ಎಡೆ ಇಟ್ಟಿರಲಿಲ್ಲ. ಇರುವವನಿಗೆ ಯಾರೂ ಎಡೆ ಇಡುವುದಿಲ್ಲ. ಈ ಸಲ ದಾಕ್ಷಾಯಣಮ್ಮ ತಾನೇ ಸಂತೆಗೆ ಹೋಗಿ ಹೊಸ ಧೋತರ ತಂದಳು. ತಾಯಿಯ ಪಟಕ್ಕೆ ಎಂದಿನಂತೆ ಕುಂಕುಮವಿಟ್ಟಳು, ಹಸಿರು ಸೀರೆ ಮಡಿಸಿಟ್ಟಳು. ಅದರ ಮಗ್ಗುಲಿಗೆ ರೆಕ್ಕೆಯ ಅಂಗಿ ತೊಟ್ಟ ಹುಡುಗನನ್ನು ನಿಲ್ಲಿಸಿ, ಮುಂದೆ ಹೋಳಿಗೆ ಬಡಿಸಿದಳು.

ನೆರೆಮನೆಯ ನಾಗಕ್ಕ ಕರಿಗಡಬು ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. "ಇದ್ಯಾರಿಗವ್ವ ಧೋತರ?"

"ನಮ್ಮಪ್ಪಗ."

"ಅಯ್ಯ, ಹೋದ್ರಾ? ಯಾವಾಗ?"

"ಹೋಗಿ ಭಾಳ ದಿನ ಆತಂತ. ಸುದ್ದಿ ಈಗ ಬಂತು. ನಮ್ಮ ಪುಷ್ಪಾ ಬರೆದು ಕೇಳಿದ್ಲು."

ನಾಗಕ್ಕ ದನಿ ತಗ್ಗಿಸಿದಳು. ಅವಳ ಮದುವೆಯ ಅರಿಶಿಣವೂ ಕೊಟ್ರಬಸಮ್ಮನ ಕೈಯದೇ. "ನಿಮ್ಮವ್ವ ಹೋಗೋದಕ್ಕಿಂತ ಮೊದಲೋ, ಆಮ್ಯಾಲೋ?"

ಪುಷ್ಪಲತಾ ತುಪ್ಪದ ಮಿಳ್ಳೆ ಹಿಡಿದು ಹಾಗೆಯೇ ನಿಂತಳು.

"ಆಮ್ಯಾಲೆ," ಎಂದಳು ದಾಕ್ಷಾಯಣಮ್ಮ. "ಆಕಿ ಹೋಗಿ ನಾಕು ವರ್ಷಕ್ಕ. ರಂಗೂನಿನಾಗ."

ನಾಗಕ್ಕನ ಎದೆಯುಸಿರು ಇಳಿದದ್ದು ಕಾಣುವಂತಿತ್ತು. "ಪುಣ್ಯವಂತಿ ಬಿಡು ನಿಮ್ಮವ್ವ. ಮತ್ತ ಆ ಇಬ್ಬರು ಗಂಡುಮಕ್ಕಳು?"

"ಚಲೋ ಅದಾರಂತ," ಎಂದು ಹೇಳಿ ದಾಕ್ಷಾಯಣಮ್ಮ ಹೋಳಿಗೆಗೆ ತುಪ್ಪ ಬಿಡಲು ಮಗಳಿಗೆ ಸನ್ನೆ ಮಾಡಿದಳು.

ನಾಗಕ್ಕ ಹೋದ ಮೇಲೆ ಪುಷ್ಪಲತಾ ಕೇಳಿದಳು, "ಹಂಗ್ಯಾಕ ಅಂದಿ ಅವ್ವ? ಆತ ಬಿಟ್ಟು ಹೋಗಿಲ್ಲಂತ ಇನ್ನೂ ಯಾರಿಗೂ ಗೊತ್ತಾಗಲಿಲ್ಲಲ್ಲ."

"ನನಗ ಗೊತ್ತಾತಲ್ಲ. ನಮ್ಮಪ್ಪಗ ಕೆಟ್ಟ ಹೆಸರು ರೂಢಿ ಆಗೈತಿ. ನಮ್ಮವ್ವಗ ಆಗಿಲ್ಲ."

ಈಗ ಪರಿಸ್ಥಿತಿ ಹೀಗಿದೆ. ಆ ಮನೆಯ ಗೋಡೆಯ ಮೇಲೆ ಎರಡು ಪಟಗಳಿವೆ. ಒಂದರಲ್ಲಿ ಮುದುಕಿ, ಒಂದರಲ್ಲಿ ಹುಡುಗ, ಗಂಡ ಹೆಂಡತಿ. ಕೊಟ್ಟೂರಿನ ಲೆಕ್ಕದಲ್ಲಿ ಏಕಾಂತಪ್ಪ ವಯಸ್ಸಾಗಿ ರಂಗೂನಿನಲ್ಲಿ ತೀರಿಕೊಂಡಿದ್ದಾನೆ. ಪಾಲಾಕ್ಷಪ್ಪ ಗ್ರಂಥಾಲಯದಲ್ಲಿ ತೇಗದ ಮಂಚದ ಮಾತು ಬಿಟ್ಟಿದ್ದಾನೆ. ತಿಪ್ಪೇರುದ್ರಮ್ಮ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ನಿಜ ಬಲ್ಲವರು ಇನ್ನು ತಾಯಿ ಮಗಳು ಇಬ್ಬರೇ, ಅವರು ಅದನ್ನು ತಮ್ಮೊಳಗೂ ಆಡುವುದಿಲ್ಲ. ಪುಷ್ಪಲತಾ ಇಂಫಾಲಕ್ಕೆ ಹೋಗಿಲ್ಲ. ವಿಮಾನದ ಸದ್ದು ಬಂದರೆ ದಾಕ್ಷಾಯಣಮ್ಮ ಈಗ ಒಳಗೆ ಬರುವುದಿಲ್ಲ. ತಲೆಯನ್ನೂ ಎತ್ತುವುದಿಲ್ಲ, ಅದು ದಾಟಿಹೋಗುವ ತನಕ ಶಾವಿಗೆ ಹರಡುವ ಕೈಯನ್ನು ನಿಲ್ಲಿಸಿ ನಿಂತಿರುತ್ತಾಳೆ.