ಮೈಲಪ್ಪನಿಗೆ ನಾನು ಹೇಳಿದ ನಾಯಿ ಕತೆ

ಕಾನಹೊಸಹಳ್ಳಿ ಸೀಮೆಯಲ್ಲಿ ಕುರಿ ಮೈಲಪ್ಪನಂಥ ಹುಷಾರಿನವನು ಇನ್ನೊಬ್ಬನಿರಲಿಲ್ಲ. ನೂರು ಕುರಿಯಲ್ಲಿ ಒಂದು ಕುಂಟಿದರೂ ದೂರದಿಂದಲೇ ಗುರುತು ಹಿಡಿಯುತ್ತಿದ್ದ. ಎಂಬತ್ತೆರಡನೇ ಇಸವಿಯಲ್ಲಿ ಅವನ ಏಳು ವರ್ಷದ ಮಗಳು ಓಬಮ್ಮನೇ ಕುಂಟತೊಡಗಿದಳು. ಬೆಳಿಗ್ಗೆ ಮೊಣಕಾಲು ಮರಗಟ್ಟಿರುತ್ತಿತ್ತು, ಬಿಸಿಲೇರಿದ ಮೇಲೆ ಸಡಿಲವಾಗುತ್ತಿತ್ತು. "ಸಾಲಿ ತಪ್ಪಿಸಾಕ ನಾಟಕ ಮಾಡ್ತಾಳ" ಎಂದವನು ಅವಳ ಮೇಷ್ಟ್ರಾದ ನಾನೇ. ಮೊಣಕಾಲು ಊದಿಕೊಂಡಾಗ ಬಾಯಿ ಮುಚ್ಚಿಕೊಂಡು ಅವರ ಜೊತೆ ದಾವಣಗೆರೆ ಬಸ್ಸು ಹತ್ತಿದೆ.

ಇದು ಮಕ್ಕಳಿಗೆ ಬರುವ ಸಂಧಿವಾತ, ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಈ ಮಾತ್ರೆ ಅದನ್ನು ತಗ್ಗಿಸುತ್ತದೆ, ತಮ್ಮನ್ನು ಕೇಳದೆ ಅದನ್ನು ನಿಲ್ಲಿಸಕೂಡದು ಎಂದು ಡಾಕ್ಟರು ಅರ್ಧ ಇಂಗ್ಲಿಷಿನಲ್ಲಿ ಹೇಳಿದರು. ಮೈಲಪ್ಪ ಪಿಳಿಪಿಳಿ ನನ್ನ ಮುಖ ನೋಡಿದ. ನನಗೋ ತಿಳಿಸಿ ಹೇಳುವ ಚಟ.

"ನೋಡಪ್ಪಾ, ಹಟ್ಟಿ ಕಾಯೋ ನಾಯಿ, ತ್ವಾಳ ಅಂತ ತಿಳಕೊಂಡು ನಮ್ಮ ಮರಿಗೇ ಬಾಯಿ ಹಾಕೈತಿ. ಈ ಗುಳಿಗಿ ಆ ನಾಯೀನ ಮಲಗಿಸ್ತೈತಿ."

"ಹಂಗ ಹೇಳ್ರಿ ಮತ್ತ!" ಎಂದು ಅವನ ಮುಖ ಅರಳಿತು. ಡಾಕ್ಟರಿಗಿಂತ ಚೆನ್ನಾಗಿ ಹೇಳಿದೆನೆಂದು ನಾನು ಬಸ್ಸಿನುದ್ದಕ್ಕೂ ಬೀಗಿದೆ. ನಿಲ್ಲಿಸಕೂಡದು ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಥೂ, ನನ್ನ ಜಾಣತನಕ್ಕಿಷ್ಟು!

ಎರಡು ತಿಂಗಳಲ್ಲಿ ಊತ ಇಳಿಯಿತು. ಓಬಮ್ಮ ಕುಂಟಬಿಲ್ಲೆ ಆಡಿದಳು. ಅಷ್ಟರಲ್ಲಿ ನನಗೆ ಹಡಗಲಿಗೆ ವರ್ಗವಾಯಿತು. ವರ್ಷದ ಮೇಲೆ ಬಂದು ನೋಡಿದರೆ ಹುಡುಗಿಯ ಬಲಗಾಲು ಮಡಿಸಿದ್ದು ಮಡಿಸಿದಂತೆಯೇ ಇತ್ತು.

"ಗುಳಿಗಿ ಏನಾದ್ವಲೇ?" ಎಂದು ಕೂಗಾಡಿದೆ.

"ಊರಾಗ ದಡಾರ ಎದ್ದಿತ್ರಿ ಮೇಷ್ಟ್ರೆ. ತ್ವಾಳ ಬಾಗಲಿಗೆ ಬಂದಾಗ ನಾಯೀನ ಮಲಗಿಸಿದ್ರ ಹೆಂಗ್ರಿ? ಗುಳಿಗಿ ಬಿಡಿಸಿ ಎಬ್ಬಿಸಿದೆ. ಕೂಸು ಕಾಲು ಕಾಲು ಅಂತ ಅಳ್ತಿತ್ತು. ಜೀವ ಉಳೀಲಿ ಅಂತ ಕಲ್ಲಾದೆ."

ದಡಾರ ಹೋದ ಮೇಲೆ ಜ್ವರ, ಜ್ವರದ ಮೇಲೆ ಕೆಮ್ಮು. ಊರಿಗೆ ತೋಳಗಳು ಬರುತ್ತಲೇ ಇದ್ದವು, ಅವನು ನಾಯಿಯನ್ನು ಮಲಗಿಸಲೇ ಇಲ್ಲ. ಡಾಕ್ಟರನ್ನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯಲು ನಾನು ಜಾಗ ಬಿಟ್ಟಿರಲಿಲ್ಲ. ಮತ್ತೆ ದಾವಣಗೆರೆಗೆ ಓಡಿದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೋವು ಇಳಿಯಿತು, ಕಾಲು ನೆಟ್ಟಗಾಗಲಿಲ್ಲ.

ಅವಳು ಏಳನೇ ಇಯತ್ತೆ ಮುಗಿಸುವವರೆಗೂ ಮೈಲಪ್ಪ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ. ಪಾಸಾದ ದಿನ ಇಬ್ಬರೂ ಹಡಗಲಿಗೆ ನನ್ನ ಮನೆಗೆ ಬಂದರು. ಅವನೇ ನೇಯಿಸಿದ ಕರಿ ಕಂಬಳಿಯನ್ನು ನನ್ನ ಕೈಗಿತ್ತ.

"ಡಾಕ್ಟರ ಮಾತು ನಮಗೇನು ತಿಳೀತಿತ್ರಿ? ತಿಳಿಯಂಗ ಹೇಳಿದವ್ರು ನೀವೊಬ್ರ."

ಓಬಮ್ಮ ಕೋಲೂರಿಕೊಂಡು ನಗುತ್ತಿದ್ದಳು. ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. "ಚಾ ಕುಡೀರಿ" ಎಂದೆ.