ಬಿಳಿ ರೋಬೋಟಿಗೆ ಅರಿಶಿಣ

ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾಂಗಲಿಯಲ್ಲಿರುವ ನಮ್ಮಣ್ಣನ ಮನೆಗೆ ಹೋದಾಗ ಟಿವಿ ಪಕ್ಕದಲ್ಲಿ ಒಂದು ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಹತ್ತಿಕೊಂಡ ಸಣ್ಣ ಸಣ್ಣ ತುಂಡುಗಳು, ಕಟ್ಟಿ ಮುಗಿಸಿದ ಒಂದೇ ಒಂದು ಕಾಲು. ಆ ತುಂಡುಗಳನ್ನು ಕತ್ತರಿಸಿ ಒಂದಕ್ಕೊಂದು ಒತ್ತಿ ಕೂಡಿಸಿದರೆ ರೋಬೋಟ್ ಆಗುತ್ತದಂತೆ, ಅಂಟೂ ಬೇಡವಂತೆ. ಅಣ್ಣ ಆಸೆಪಟ್ಟು ತರಿಸಿಕೊಂಡವನು ಒಂದು ಕಾಲಿಗೇ ಸುಸ್ತಾಗಿ ಕೈಬಿಟ್ಟಿದ್ದ. "ಬೇಕಾದ್ರ ನೀನ ಒಯ್ಯವಾ, ಅದನ್ನ ನೋಡಿ ನೋಡಿ ನನ್ನ ಕಣ್ಣ ಹೋಗೂದೊಂದ ಬಾಕಿ ಐತಿ," ಅಂದ. ಒಯ್ಯುವುದೆಲ್ಲಿ ಬಂತು, ಅಲ್ಲೇ ಕೂತೆ. ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾಕ್ಕೆ ಕರೆದರೂ ಏಳಲಿಲ್ಲ. ಸಂಜೆಯ ಹೊತ್ತಿಗೆ ರೋಬೋಟ್ ತನ್ನ ಎರಡೂ ಕಾಲ ಮೇಲೆ ನಿಂತಿತ್ತು. ಹುಚ್ಚು ಹಿಡಿದದ್ದು ಆವತ್ತೇ.

ನಮ್ಮದು ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆ. ಗೊನೆ ಬಿಟ್ಟಾಗ ಒತ್ತಾಗಿ ಬೆಳೆದ ಕಾಯಿಗಳನ್ನು ಕತ್ತರಿಸಿ ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡಬೇಕು. ಥಿನಿಂಗ್ ಅನ್ನುತ್ತೇವೆ. ಅದಕ್ಕೆಂದೇ ಸಣ್ಣ ಮೂತಿಯ ಕತ್ತರಿ ಇರುತ್ತದೆ. ತುದಿ ಪಕ್ಕದ ಕಾಯಿಗೆ ತಾಕಿತೋ, ಆ ಕಾಯಿಗೆ ಕಲೆ ಬಿತ್ತು. ಮದುವೆಯಾಗಿ ಬಂದಾಗಿನಿಂದ ಆ ಕತ್ತರಿ ಹಿಡಿದ ಕೈ ನನ್ನದು. ರೋಬೋಟ್ ತುಂಡು ಬಿಡಿಸುವುದಕ್ಕೆ ಅಂಥ ಕಟರ್ ಬೇಕು, ಇಂಥ ಕಟರ್ ಬೇಕು ಎಂದು ಮೊಬೈಲಿನ ವಿಡಿಯೋಗಳಲ್ಲಿ ಹೇಳುತ್ತಾರೆ. ಹೇಳಲಿ ಬಿಡಿ. ನಾನು ಥಿನಿಂಗ್ ಕತ್ತರಿಯಿಂದಲೇ ಚೂರು ಬುಡ ಬಿಟ್ಟು ಕತ್ತರಿಸುತ್ತೇನೆ, ಆಮೇಲೆ ಪಾಲಿಶ್ ಕಾಗದದಿಂದ ಆ ಬುಡ ತೀಡುತ್ತೇನೆ. ಬೆರಳಾಡಿಸಿದರೆ ಎಲ್ಲಿ ಕತ್ತರಿಸಿದ್ದು ಅಂತ ತಿಳಿಯಲೇಬಾರದು.

ಊರವರ ಬಾಯಿ ಸುಮ್ಮನಿರುತ್ತದೆಯೇ? "ಏನ್ರಿ ಅಕ್ಕಾರ, ಈ ವಯಸ್ಸಿನಾಗ ಆಟಿಗಿ ಸಾಮಾನ ಹಚ್ಚೀರಿ?" ಅನ್ನುವವರು ಕೆಲವರು. ನನ್ನ ಗಂಡ ಅವರಿಗೆಲ್ಲ ನಗುನಗುತ್ತ, "ಏ, ಟೈಂಪಾಸ್ ಬಿಡ್ರಿ," ಅನ್ನುತ್ತಿದ್ದರು. ಊರವರ ಮಾತಿಗಿಂತ ಈ ಮಾತಿಗೇ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು. ಕಟ್ಟೆಯ ಮೇಲೆ ಕೂತು ದಿಲ್ಲಿಯ ಸರಕಾರವನ್ನು ಇಳಿಸಿ ಏರಿಸುತ್ತಾರಲ್ಲ, ಅದು ಟೈಂಪಾಸ್. ಇದು ಹೇಗಾದೀತು? ಅತ್ತೆ ಮಾತ್ರ ಪರವೂ ಇಲ್ಲ, ವಿರೋಧವೂ ಇಲ್ಲ. ನನ್ನ ಮೇಜಿನ ಸುತ್ತ ಬಿದ್ದ ಪ್ಲಾಸ್ಟಿಕ್ ಚೂರು ಗುಡಿಸುವಾಗ ಒಮ್ಮೆ ಮೂತಿ ತಿರುವಿ, ಒಮ್ಮೆ ನನ್ನ ಕೈ ನೋಡಿ, ಮುಂದೆ ಹೋಗುತ್ತಿದ್ದರು.

ಹೀಗಿರುವಾಗ ನಿಪ್ಪಾಣಿಯಲ್ಲಿ ಇಂಥ ರೋಬೋಟ್‌ಗಳದೇ ಒಂದು ಪ್ರದರ್ಶನ ಇದೆ ಅಂತ ಮೊಬೈಲಿನಲ್ಲಿ ಓದಿದೆ. ಬೆಳಗಾವಿಯವರಿಗೂ ಕೊಲ್ಲಾಪುರದವರಿಗೂ ನಡುವೆ ಬೀಳುತ್ತದೆಂದು ಅಲ್ಲಿಯ ಮದುವೆಯ ಮಂಗಲ ಕಾರ್ಯಾಲಯವೊಂದನ್ನು ಹಿಡಿದಿದ್ದರು. ಮೇಲೆ ಬಣ್ಣ ಬಳಿಯದೆ, ಡಬ್ಬಿಯಲ್ಲಿ ಬಂದ ಬಣ್ಣದಲ್ಲೇ ಕಟ್ಟಿದವುಗಳಿಗೆ ಬೇರೆ ಸ್ಪರ್ಧೆ. ಸ್ಪ್ರೇ ಮಾಡುವ ಸಲಕರಣೆ ಇಲ್ಲದ ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಹೆಸರು ಕೊಟ್ಟೇಬಿಟ್ಟೆ. ಮೊಳಕೈ ಉದ್ದದ ದೊಡ್ಡ ರೋಬೋಟ್ ತರಿಸಿದೆ. ಅಡಿಯಿಂದ ಮುಡಿಯವರೆಗೆ ಹಾಲುಬಿಳುಪು, ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಢಾಲು. ಮಳೆಗಾಲವೆಲ್ಲ ಅದಕ್ಕೇ ಹೋಯಿತು. ಗೆರೆಗಳಿಗೆ ಮಸಿ ತುಂಬಲು ನಿಯಮದ ಅಡ್ಡಿಯಿರಲಿಲ್ಲ; ಕಪ್ಪು ಪೆನ್ನಿನಿಂದ ತುಂಬಿ ಎತ್ತಿ ನಿಲ್ಲಿಸಿದಾಗ ನನಗೆ ನಾನೇ ಶಭಾಶ್ ಅಂದುಕೊಂಡೆ. ಬಹುಮಾನದ ಆಸೆ ಇತ್ತು, ಸುಳ್ಳೇಕೆ ಹೇಳಲಿ? ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು: ಒಂದು ಸಲ, ಒಬ್ಬರಾದರೂ ಅದನ್ನು ಕೆಲಸ ಅಂತ ನೋಡಬೇಕು.

ಪ್ರದರ್ಶನ ದಸರೆಯ ಬೆನ್ನಿಗೇ ಬಂತು. ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ನಾನೂ ನಮ್ಮವರೂ ಬಾವಿಯ ಪಂಪಿಗೆ ಪೂಜೆ ಮಾಡಲು ತೋಟಕ್ಕೆ ಹೋಗಿದ್ದೆವು. ಮನೆಯ ಸಾಮಾನಿನ ಪೂಜೆ ಅತ್ತೆಯ ಪಾಲು. ತಿರುಗಿ ಬಂದು ಪಡಸಾಲೆಗೆ ಕಾಲಿಟ್ಟೆ. ಕಂಬಳಿಯ ಮೇಲೆ ಕುಡುಗೋಲು, ಕುರ್ಪಿ, ಕೊಡಲಿ, ಟ್ರ್ಯಾಕ್ಟರಿನ ನಟ್ಟು ಬಿಚ್ಚುವ ಪಾನಾ, ನನ್ನ ಕತ್ತರಿ ಸಾಲಾಗಿ ಮಲಗಿದ್ದವು. ನಟ್ಟನಡುವೆ ನನ್ನ ಬಿಳಿ ರೋಬೋಟ್ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ಹಣೆಗೆ ಅರಿಶಿಣ, ಎದೆಗೆ ಅರಿಶಿಣ, ಎರಡೂ ಮೊಣಕಾಲಿಗೆ ಅರಿಶಿಣ, ಅದೂ ನೀರಲ್ಲಿ ಕಲಸಿ ಗಟ್ಟಿಯಾಗಿ ಬಳಿದದ್ದು. ಖಡ್ಗಕ್ಕೆ ಕುಂಕುಮ.

"ಅಯ್ಯಯ್ಯ! ಏನ ಮಾಡೀರಿ ಅತ್ತಿ ಇದ!"

"ಪೂಜಿ ಮಾಡೇನಿ. ಮತ್ತೇನ ಮಾಡ್ಲಿ?"

"ಬಿಳೇದೈತ್ರಿ ಅದು! ಕಲಿ ಹೋಗೂದಿಲ್ಲ! ನಿಪ್ಪಾಣಿಗೆ ಹೆಂಗ ಒಯ್ಯಲಿ ನಾ?"

ಒರೆಸಲು ಸೆರಗು ಹಿಡಿದು ಬಗ್ಗಿದೆ. ಅತ್ತೆ ಅಡ್ಡ ಬಂದರು. "ಮುಟ್ಟಬ್ಯಾಡ! ಪೂಜಿಗೆ ಕುಂತಿದ್ದನ್ನ ಇವತ್ತ ಅಲಗಾಡಸಂಗಿಲ್ಲ. ನಾಳಿ ಪೂಜಿ ಎತ್ತಿದ ಮ್ಯಾಲ ಏನರ ಮಾಡ್ಕೋ." ನವಮಿಯಂದು ಪೂಜೆಗಿಟ್ಟ ಸಾಮಾನನ್ನು ದಶಮಿಯವರೆಗೆ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ನಾನೂ ಇಷ್ಟು ವರ್ಷ ಪಾಲಿಸಿಕೊಂಡು ಬಂದದ್ದೇ. ಆದರೆ ಅರಿಶಿಣಕ್ಕೆ ಒಂದು ಹಗಲು ರಾತ್ರಿ ಬಿಟ್ಟುಕೊಟ್ಟರೆ ಏನಾಗುತ್ತದೆ ಎಂದು ಅಡುಗೆಮನೆಯ ಯಾವ ಡಬ್ಬಿಯನ್ನಾದರೂ ಕೇಳಿ. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಹಬ್ಬದ ಹೋಳಿಗೆ ಮುಟ್ಟಲಿಲ್ಲ. ನಮ್ಮವರು "ಹೋಗ್ಲಿ ಬಿಡ..." ಅಂತ ಶುರು ಮಾಡಿದ್ದರು, ನನ್ನ ಮುಖ ನೋಡಿ ಉಳಿದ ಮಾತು ನುಂಗಿಕೊಂಡರು. ನುಂಗಿಕೊಂಡದ್ದೇ ಒಳ್ಳೆಯದಾಯಿತು.

ದಶಮಿಯ ಬೆಳಿಗ್ಗೆ ಪೂಜೆ ಎತ್ತಿದ್ದೇ ತಡ, ಒದ್ದೆ ಬಟ್ಟೆ ಹಿಡಿದು ಕೂತೆ. ಕುಂಕುಮ ಹೋಯಿತು. ಅರಿಶಿಣ ಜಪ್ಪಯ್ಯ ಅನ್ನಲಿಲ್ಲ. ಸಬೂನು ಹಚ್ಚಿದೆ, ಹಲ್ಲುಜ್ಜುವ ಪೇಸ್ಟು ಹಚ್ಚಿದೆ. ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ಕೇ ಬಿರಿದು ಹೋಗುತ್ತದೆ. ಮೇಲೆ ಬಿಳಿ ಬಣ್ಣ ಬಳಿದರೆ ಸ್ಪರ್ಧೆಯಿಂದಲೇ ಹೊರಗೆ. ಕಣ್ಣಲ್ಲಿ ನೀರು ಬಂತು. ಹಾಳಾಗಿ ಹೋಗಲಿ, ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಮೊಬೈಲ್ ಕೈಗೆತ್ತಿಕೊಂಡೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಬಿಳಿ ಸೀರಿಗೆ ಅರಿಶಿಣ ಹತ್ತಿದ್ರ ಏನ ಮಾಡ್ತಿ?" ಅಂದರು.

"ಒಗದು ಬಿಸಲಿಗೆ ಹಾಕ್ತೀನಿ," ಅಂದೆ, ಸಿಟ್ಟಿನಲ್ಲೇ.

ಅಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಿಸಿಲಿಗೆ ಹಾಕಿದರೆ ಅರಿಶಿಣದ ಕಲೆ ತಾನೇ ಹಾರಿ ಹೋಗುತ್ತದೆ. ಇದು ನನಗೂ ಗೊತ್ತಿದ್ದ ವಿಷಯ. ಸಿಟ್ಟು ತಲೆಗೇರಿದಾಗ ತಲೆಯಲ್ಲಿ ಬೇರೇನೂ ನಿಲ್ಲುವುದಿಲ್ಲ ನೋಡಿ.

ಮಳೆಗಾಲವೆಲ್ಲ ಕೂಡಿಸಿದ್ದನ್ನು ಒಂದೊಂದಾಗಿ ಬಿಚ್ಚಿದೆ. ಕಲೆಯಾದ ತುಂಡುಗಳನ್ನು ಮಾಳಿಗೆಗೆ ಒಯ್ದು, ದ್ರಾಕ್ಷಿ ಒಣಗಿಸುವ ಜಾಳಿಗೆಯ ತುಂಡೊಂದರ ಮೇಲೆ ಹರವಿದೆ. ಮೋಡ ಬಂತು. ಆವತ್ತೆಲ್ಲ ಸೂರ್ಯ ಇಣುಕಿ ಇಣುಕಿ ಒಳಗೆ ಹೋದ. ನಾನು ಮೇಲೆ ನೋಡಿ ಅವನಿಗೂ ನಾಲ್ಕು ಮಾತು ಬೈದೆ. ಮರುದಿನ ಬಿಸಿಲು ಚುರುಗುಟ್ಟಿತು. ಅತ್ತೆ ತಲೆ ಮೇಲೆ ಸೆರಗು ಹೊದ್ದು, ಕಾಗೆ ಓಡಿಸಲು ಒಂದು ಕೋಲು ಹಿಡಿದು ಕೂತುಬಿಟ್ಟರು. ಹಪ್ಪಳ ಮಗುಚಿ ಹಾಕುವ ಹಾಗೆ ರೋಬೋಟಿನ ಎದೆಯನ್ನೂ ಮೊಣಕಾಲನ್ನೂ ಮಗುಚಿ ಮಗುಚಿ ಹಾಕಿದರು. ಒಂದು ತುಂಡನ್ನೂ ಕಳೆಯಗೊಡಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅಲ್ರಿ ಅತ್ತಿ, ಕತ್ತರಿಗೆ ಹಚ್ಚಿದ್ರಿ, ಸರಿ. ಅದಕ್ಯಾಕ ಹಚ್ಚಿದ್ರಿ?"

ಅತ್ತೆ ನನ್ನನ್ನು ದಡ್ಡಿಯ ಹಾಗೆ ನೋಡಿದರು. "ಟ್ರ್ಯಾಕ್ಟರಿಗೆ ಹಚ್ಚೇನಿ, ಪಂಪಿಗೆ ನೀವ ಹಚ್ಚಿ ಬಂದೀರಿ. ಅವ್ವ ತಾಯಿ, ಮಳಿಗಾಲೆಲ್ಲ ನೀ ಬೆನ್ನ ಬಗ್ಗಿಸಿ ಕುಂತಿದ್ದನ್ನ ನಾ ನೋಡೇನಿ. ನಿನ್ನ ಕೆಲಸಕ್ಕ ಹಚ್ಚದ ಬಿಟ್ರ ನಾ ಎಂಥಾಕಿ ಆಗ್ತೀನಿ?"

ನಾನು ಅವರ ಪಕ್ಕದಲ್ಲೇ ಕೂತು ಉಳಿದ ತುಂಡುಗಳನ್ನು ಮಗುಚಿ ಹಾಕಿದೆ.

ಸಂಜೆಗೆ ತುಂಡುಗಳು ಬೆಳ್ಳಗಾಗಿದ್ದವು. ಮತ್ತೆ ಕೂಡಿಸಿದೆ. ಬಲ ಮೊಣಕಾಲಿನ ಸಂದಿಯಲ್ಲಿ ಮಾತ್ರ ಬಿಸಿಲು ತಾಕದ ಒಂದು ಹಳದಿ ಎಳೆ ಉಳಿಯಿತು. ಕಾಲು ಮಡಚಿದರಷ್ಟೇ ಕಾಣುತ್ತಿತ್ತು. ಅದನ್ನು ನೇರವಾಗಿ ನಿಲ್ಲಿಸಿದರಾಯಿತು ಅಂದುಕೊಂಡೆ.

ಪಿಕಪ್ಪಿನಲ್ಲಿ ಮೂವರೂ ಹೊರಟೆವು. ಕೃಷ್ಣೆ ದಾಟಿ ಚಿಕ್ಕೋಡಿ ಮೇಲೆ ನಿಪ್ಪಾಣಿ ಮುಟ್ಟುವವರೆಗೆ ಡಬ್ಬಿ ಅತ್ತೆಯ ತೊಡೆಯ ಮೇಲೇ ಇತ್ತು. ಕಾರ್ಯಾಲಯದ ತುಂಬ ರೋಬೋಟ್‌ಗಳು, ಜೀನ್ಸ್ ತೊಟ್ಟ ಪೋರರು. ಇಳಕಲ್ ಸೀರೆಯವರು ನಾವಿಬ್ಬರೇ. ತೀರ್ಪುಗಾರರು ಕೊಲ್ಲಾಪುರದ ಕಡೆಯವರು, ಸಣ್ಣ ಟಾರ್ಚ್ ಹಿಡಿದು ಒಂದೊಂದನ್ನೇ ಎತ್ತಿ ನೋಡುತ್ತ ಬಂದರು. ನನ್ನದನ್ನು ಎತ್ತಿದರು. ಬೆನ್ನು ನೋಡಿದರು, ತೋಳು ತಿರುಗಿಸಿದರು. ತಲೆಯಾಡಿಸಿದರು. ಆಮೇಲೆ ಬಲಗಾಲು ಮಡಚಿದರು.

"ಹೀ ಹಳದ ಕುಠೂನ್ ಆಲೀ?" ಅಂದರು. ಅರಿಶಿಣ ಎಲ್ಲಿಂದ ಬಂತು ಅಂತ. ಬಣ್ಣ ಹಚ್ಚಿದ್ದೀಯಾ ಅನ್ನುವ ಅನುಮಾನ ಅವರ ಹುಬ್ಬಿನಲ್ಲಿತ್ತು. ಹಿಂದಿನಿಂದ ಅತ್ತೆಯ ದನಿ ಇಡೀ ಹಾಲಿಗೆ ಕೇಳಿಸಿತು: "ಖಂಡೇ ಪೂಜಿ ಮಾಡೇವ್ರಿ ಅದಕ್ಕ! ನಿಮ್ಮ ಕಡಿ ಮಾಡಂಗಿಲ್ಲೇನ?"

ಅವರು ಟಾರ್ಚ್ ಆರಿಸಿದರು. "ಕರ್ತೋ ಕೀ ಆಜ್ಜೀ, ಮಾಡ್ತೀವ್ರಿ," ಅಂದರು. ರೋಬೋಟಿನ ಪಾದ ಮುಟ್ಟಿ ಆ ಬೆರಳು ಕಣ್ಣಿಗೆ ಒತ್ತಿಕೊಂಡರು. ಎರಡೂ ಕೈಯಿಂದ ಅದನ್ನು ಮೇಜಿನ ಮೇಲೆ ಇಳಿಸಿದರು.

ಮೊದಲ ಬಹುಮಾನಕ್ಕೆ ನನ್ನ ಹೆಸರು ಕರೆದಾಗ ನಾನು ಕೂತೇ ಇದ್ದೆ. ಅತ್ತೆ ಬೆನ್ನಿಗೆ ಗುದ್ದಿದರು. "ಹೋಗ ಬೇ!" ನಮ್ಮವರು ಎದ್ದು ನಿಂತು ಸೀಟಿ ಹೊಡೆದರು, ಹೊಡೆಯಲು ಬರುತ್ತದೆಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಕಪ್ ಕೈಗಿಟ್ಟು, ಮೈಕ್ ಮುಂದೆ ಹಿಡಿದು, ಎರಡು ಮಾತು ಹೇಳ್ರಿ ಅಂದರು. ಎಲ್ಲರಿಗೂ ಧನ್ಯವಾದ, ಏನೋ ಸ್ವಲ್ಪ ಕಲಿತಿದ್ದೇನೆ, ಹೀಗೆ ಹೇಳುವುದು ರೂಢಿ. ನಾನು ಅತ್ತೆಯ ಮುಖ ನೋಡಿದೆ.

"ಇದು ನನ್ನ ಕೆಲಸ ಐತ್ರಿ," ಅಂದೆ. "ನಾ ಭಾಳ ಚಲೋ ಮಾಡ್ತೀನಿ."